ಮೈಸೂರು ರಾಕೆಟ್ಟಿನ ಅರ್ಧ ಕಥೆ

ಫೆಬ್ರವರಿ ಬಂತೆಂದರೆ ನಮ್ಮೂರಿನ ಶಾಲಾ ಕಾಲೇಜುಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನದ ಪ್ರಬಂಧ ಸ್ಪರ್ಧೆಗಳು ಶುರುವಾಗುತ್ತವೆ. ತೀರ್ಪುಗಾರನಾಗಿ ಹೋಗುವ ನನ್ನ ಕೈಗೆ ಪ್ರತಿ ವರ್ಷವೂ ಒಂದೇ ವಿಷಯದ ಹತ್ತಾರು ಪ್ರಬಂಧಗಳು ಬರುತ್ತವೆ. ಹೈದರಾಲಿ ಮತ್ತು ಟಿಪ್ಪು ಕಬ್ಬಿಣದ ಕೊಳವೆಯ ರಾಕೆಟ್ ಬಳಸಿದರು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕಂಪನಿಯ ಸೇನೆ ತತ್ತರಿಸಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ರಾಕೆಟ್ಟುಗಳನ್ನು ಹೊತ್ತೊಯ್ದರು. ವಿಲಿಯಂ ಕಾಂಗ್ರೀವ್ ಅವನ್ನು ನಕಲು ಮಾಡಿದ. ಆದ್ದರಿಂದ ಆಧುನಿಕ ರಾಕೆಟ್ಟಿನ ತವರು ನಮ್ಮ ಮೈಸೂರು. ಚಪ್ಪಾಳೆ, ಪ್ರಶಸ್ತಿ ಪತ್ರ, ಪುಸ್ತಕ ಬಹುಮಾನ.

ಈ ಪ್ರಬಂಧಗಳಲ್ಲಿ ಸುಳ್ಳಿಲ್ಲ. ನಾನೂ ಬಹುಮಾನ ಕೊಟ್ಟವನೇ. ಆದರೆ ಕಥೆ ಅರ್ಧಕ್ಕೆ ನಿಂತಿದೆ ಎಂಬ ಅಸಮಾಧಾನ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ದೇಶದ ರಕ್ಷಣಾ ಸಾಮಗ್ರಿಯನ್ನು ದೇಶದಲ್ಲೇ, ನಮ್ಮಲ್ಲಿ ಓದಿದ ಹುಡುಗ ಹುಡುಗಿಯರಿಂದಲೇ ಮಾಡಿಸಬೇಕೆಂಬ ಮಾತು ಇಂದು ಎಲ್ಲ ವೇದಿಕೆಗಳಲ್ಲೂ ಕೇಳಿಬರುತ್ತಿದೆ. ಆ ಮಾತಿಗೆ ಸಾಕ್ಷಿಯಾಗಿ ಟಿಪ್ಪುವಿನ ರಾಕೆಟ್ಟನ್ನೇ ಎತ್ತಿ ತೋರಿಸುತ್ತಾರೆ. ಆ ರಾಕೆಟ್ಟು ನಿಜವಾಗಿ ಏನನ್ನು ಹೇಳುತ್ತದೆಂದು ವಿಜ್ಞಾನದ ಶಿಕ್ಷಕರಾದ ನಾವು ಒಮ್ಮೆ ನಿಂತು ನೋಡಬೇಕು.

ಮೊದಲು ಅದರ ಭೌತಶಾಸ್ತ್ರ. ಬಾಣಬಿರುಸು ಮೈಸೂರಿಗಷ್ಟೇ ಸೇರಿದ್ದಲ್ಲ. ಕಾಗದದ ಅಥವಾ ಬಿದಿರಿನ ಕೊಳವೆಗೆ ಮದ್ದು ತುಂಬಿ ಹಾರಿಸುವುದು ಚೀನಾದಿಂದ ಯೂರೋಪಿನವರೆಗೂ ಗೊತ್ತಿತ್ತು. ಮೈಸೂರಿನ ಕೆಲಸಗಾರರು ಕೊಳವೆಯನ್ನು ಮೆತು ಕಬ್ಬಿಣದ ತಗಡಿನಿಂದ ಮಾಡಿದರು. ಒಳಗಿನ ಒತ್ತಡ p, ಕೊಳವೆಯ ತ್ರಿಜ್ಯ r, ಗೋಡೆಯ ದಪ್ಪ t ಆದರೆ, ಗೋಡೆಯನ್ನು ಸುತ್ತಳತೆಯ ದಿಕ್ಕಿನಲ್ಲಿ ಸೀಳಲು ಯತ್ನಿಸುವ ಎಳೆತ ಪ್ರತಿ ಚದರ ಮೀಟರಿಗೆ pr/t ಆಗುತ್ತದೆ. ತರಗತಿಯ ಲೆಕ್ಕಕ್ಕೆಂದು ಐದು ಸೆಂಟಿಮೀಟರ್ ವ್ಯಾಸ, ಎರಡು ಮಿಲಿಮೀಟರ್ ದಪ್ಪ, ವಾಯುಮಂಡಲದ ಇಪ್ಪತ್ತು ಪಟ್ಟು ಒತ್ತಡ ಎಂದು ಇಟ್ಟುಕೊಳ್ಳಿ. ಎಳೆತ ಸುಮಾರು 25 ಮೆಗಾಪಾಸ್ಕಲ್. ಕಬ್ಬಿಣಕ್ಕೆ ಇದು ಲೆಕ್ಕಕ್ಕಿಲ್ಲ. ಅಂಟು ಹಾಕಿ ಸುತ್ತಿದ ಕಾಗದಕ್ಕೆ ಇದು ಬಲು ಭಾರ. ಗೋಡೆ ತಡೆದುಕೊಳ್ಳುವುದರಿಂದ ಮದ್ದನ್ನು ಇನ್ನೂ ಗಟ್ಟಿಯಾಗಿ ತುಂಬಬಹುದು, ಅನಿಲ ಇನ್ನೂ ವೇಗವಾಗಿ ಹೊರಚಿಮ್ಮುತ್ತದೆ, ರಾಕೆಟ್ಟು ದೂರ ಹೋಗುತ್ತದೆ. ಸುಮಾರು ಎರಡು ಕಿಲೋಮೀಟರ್‌ವರೆಗೆ ಹೋಗುತ್ತಿತ್ತೆಂದು ಅಂದಿನ ದಾಖಲೆಗಳಿಂದ ತಿಳಿದುಬರುತ್ತದೆ. ಉದ್ದದ ಬಿದಿರು ಕಟ್ಟಿ ಹಾರಾಟದ ದಿಕ್ಕನ್ನು ಸ್ಥಿರಗೊಳಿಸಿದ್ದರು.

ಈ ಸಮೀಕರಣ ಅಂದಿನ ಕಮ್ಮಾರನಿಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಎಷ್ಟು ಕಾಯಿಸಬೇಕು, ತಗಡನ್ನು ಎಷ್ಟು ಬಡಿಯಬೇಕು, ಯಾವ ಕಬ್ಬಿಣ ಸೀಳುತ್ತದೆ ಎಂಬುದು ತಂದೆಯಿಂದ ಮಗನಿಗೆ ಕುಲುಮೆಯ ಪಕ್ಕದಲ್ಲೇ ಬಂದ ವಿದ್ಯೆ. ಇದನ್ನು ಕೀಳಾಗಿ ಕಾಣುವುದು ಬೇಡ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಗೆ ಸಿಕ್ಕಿದ್ದು 600 ಉಡಾವಣೆ ಸಾಧನಗಳು, 700 ಸಿದ್ಧ ರಾಕೆಟ್ಟುಗಳು ಮತ್ತು 9,000 ಖಾಲಿ ಕೊಳವೆಗಳು. ಅಂದರೆ ಇದು ಒಬ್ಬಿಬ್ಬರು ಕುಶಲಿಗಳ ಹವ್ಯಾಸವಾಗಿರಲಿಲ್ಲ, ದೊಡ್ಡ ಪ್ರಮಾಣದ ತಯಾರಿಕೆಯಾಗಿತ್ತು. ಬರವಣಿಗೆಯೂ ಇತ್ತು. ಟಿಪ್ಪುವಿನ ಸೇನಾ ಕೈಪಿಡಿಯಾದ ಫತ್ಹುಲ್ ಮುಜಾಹಿದೀನ್ ಪ್ರತಿ ಕುಶೂನ್ ದಳಕ್ಕೆ 200 ರಾಕೆಟ್ ಸೈನಿಕರನ್ನು ನಿಗದಿಪಡಿಸುತ್ತದೆ.

ಪ್ರಬಂಧಗಳು ಮುಟ್ಟದ ಉಳಿದರ್ಧ ಕಥೆ ನಡೆಯುವುದು ಲಂಡನ್ ಬಳಿಯ ವೂಲಿಚ್‌ನಲ್ಲಿ. ಅಲ್ಲಿ ಸರ್ಕಾರದ ಶಸ್ತ್ರಾಗಾರವಿತ್ತು. ಅದರ ಜೊತೆಯಲ್ಲೇ 1741ರಲ್ಲಿ ಒಂದು ಶಾಲೆಯನ್ನು ತೆರೆದಿದ್ದರು: ಫಿರಂಗಿದಳದ ಅಧಿಕಾರಿಗಳಿಗೆ ಗಣಿತ ಕಲಿಸುವ ರಾಯಲ್ ಮಿಲಿಟರಿ ಅಕಾಡೆಮಿ. ಮರುವರ್ಷ, 1742ರಲ್ಲಿ, ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞ ಫಿರಂಗಿ ಶಾಸ್ತ್ರದ ಬಗ್ಗೆ ಪುಸ್ತಕ ಬರೆದು, ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ತೂಗಿತೆಂದು ನೋಡಿ ಗುಂಡಿನ ವೇಗವನ್ನು ಲೆಕ್ಕ ಹಾಕುವ ವಿಧಾನ ತೋರಿಸಿದ. ನಮ್ಮ ಪಿಯುಸಿ ಪುಸ್ತಕದಲ್ಲಿ ಸಂವೇಗ ಸಂರಕ್ಷಣೆಯ ಉದಾಹರಣೆಯಾಗಿ ಬರುವುದು ಇದೇ ಲೋಲಕ. (ಈ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಬಂದು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಆತನ ಬಗ್ಗೆ ಒಂದು ಪ್ರಬಂಧವೂ ನನಗೆ ಇದುವರೆಗೆ ಬಂದಿಲ್ಲ.) 1773ರಿಂದ ಆ ಶಾಲೆಯಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಚಾರ್ಲ್ಸ್ ಹಟ್ಟನ್ ಅದೇ ಪ್ರಯೋಗಗಳನ್ನು ವರ್ಷಗಟ್ಟಲೆ ಮುಂದುವರಿಸಿದ.

ಮೈಸೂರಿನ ರಾಕೆಟ್ಟು ಹೋಗಿ ಬಿದ್ದದ್ದು ಇಂಥ ನೆಲಕ್ಕೆ. ಕಾಂಗ್ರೀವ್ 1804ರ ಸುಮಾರಿಗೆ ಕೆಲಸ ಆರಂಭಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಆ ರಾಕೆಟ್ಟುಗಳು ಸುರಿದವು. ಕೊಳವೆಯ ಅಳತೆ, ಮದ್ದಿನ ಮಿಶ್ರಣ, ಕೋಲಿನ ಉದ್ದ ಎಲ್ಲವನ್ನೂ ಬದಲಿಸಿ ಬದಲಿಸಿ ಹಾರಿಸಿ, ಬರೆದು, ಅಚ್ಚು ಹಾಕಿಸಿದ. 1813ರಲ್ಲಿ ಅದೇ ವೂಲಿಚ್ ಅಕಾಡೆಮಿಯ ವಿಲಿಯಂ ಮೂರ್ ರಾಕೆಟ್ಟುಗಳ ಚಲನೆಯ ಮೇಲೆ ಒಂದು ಗ್ರಂಥ ಪ್ರಕಟಿಸಿದ. ಉರಿಯುತ್ತಾ ಹಗುರವಾಗುವ ವಸ್ತುವಿಗೆ ನ್ಯೂಟನ್ನನ ನಿಯಮಗಳನ್ನು ಅನ್ವಯಿಸಿ, ಅದರ ವೇಗ ಎಷ್ಟಾಗುತ್ತದೆಂದು ಗಣಿತದ ಮೂಲಕ ತೋರಿಸಿದ ಕೆಲಸವಿದು. ಆತ ಒಬ್ಬ ಶಿಕ್ಷಕ. ಇಂದು ನಾವು ಬಿಎಸ್ಸಿ ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುವ ರಾಕೆಟ್ ಸಮೀಕರಣದ ಹಿಂದೆ ಶ್ರೀರಂಗಪಟ್ಟಣದ ಕಬ್ಬಿಣವೂ ಇದೆ, ವೂಲಿಚ್‌ನ ಪಾಠಶಾಲೆಯೂ ಇದೆ.

ಈ ಎರಡು ಊರುಗಳ ಹೋಲಿಕೆಯನ್ನು ನಮ್ಮವರೇ ಆದ ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ಉಪನ್ಯಾಸವೊಂದರಲ್ಲಿ ವಿವರವಾಗಿ ಮಾಡಿದ್ದಾರೆ. ಅದನ್ನು ಉದ್ಧರಿಸುವವರೂ ಹೊಗಳಿಕೆಯ ಭಾಗವನ್ನು ಮಾತ್ರ ಆರಿಸಿಕೊಳ್ಳುತ್ತಾರೆ ಎಂಬುದು ನನ್ನ ದೂರು. ಶ್ರೀರಂಗಪಟ್ಟಣದಲ್ಲಿ ಒಳ್ಳೆಯ ಆಯುಧ ಇತ್ತು, ಒಳ್ಳೆಯ ಕೈಗಳಿದ್ದವು, ದೊಡ್ಡ ಕಾರ್ಖಾನೆಯೂ ಇತ್ತು. ಆ ಕೈಗಳ ಅರಿವನ್ನು ಅಳೆದು, ಬರೆದು, ಅಪರಿಚಿತರ ಮಕ್ಕಳಿಗೂ ಕಲಿಸುವ ಶಾಲೆ ಇರಲಿಲ್ಲ. ರಾಜ್ಯ ಬಿದ್ದ ದಿನವೇ ಆ ವಿದ್ಯೆ ಮೌನವಾಯಿತು.

ಹೀಗಿರುವಾಗ, ನಮ್ಮ ನೆಲದ ಶಿಕ್ಷಣದಿಂದ ರಕ್ಷಣಾ ಕೈಗಾರಿಕೆ ಹುಟ್ಟಿದ ಉದಾಹರಣೆ ಇಲ್ಲವೇ? ಇದೆ, ಅದೂ ಹಳೆಯ ಮೈಸೂರು ಸಂಸ್ಥಾನದಲ್ಲೇ. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಹಣ ಹೂಡಿದವರು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ. ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ವಾಲ್‌ಚಂದ್ ಇಲ್ಲಿಗೇ ಯಾಕೆ ಬಂದರು? ಜಮೀನು ಸಿಕ್ಕಿತು, ಹವೆ ಚೆನ್ನಾಗಿತ್ತು ಎಂದು ಹೇಳಿ ಮುಗಿಸಿಬಿಡುತ್ತೇವೆ. ಆದರೆ 1902ರಿಂದ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆಯಾಗುತ್ತಿತ್ತು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಸ್ಥಾನ 371 ಎಕರೆ ಕೊಟ್ಟಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬಂದಿದ್ದವು. ವಿಮಾನ ಕಾರ್ಖಾನೆ ಬರುವ ಹೊತ್ತಿಗೆ ನೆಲ ಮೂವತ್ತು ವರ್ಷಗಳಿಂದ ಹದವಾಗಿತ್ತು.

ಕಾರ್ಖಾನೆ ಬಂದ ಎರಡೇ ವರ್ಷಕ್ಕೆ, 1942ರ ಡಿಸೆಂಬರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ವಿಷ್ಣು ಮಾಧವ ಘಾಟಗೆ ಕಾರ್ಖಾನೆಯಲ್ಲೂ ಈ ವಿಭಾಗದಲ್ಲೂ ದುಡಿದವರು. ಗೋಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಡ್ಟಲ್ ಅವರ ಕೈಕೆಳಗೆ 1936ರಲ್ಲಿ ಡಾಕ್ಟರೇಟ್ ಮಾಡಿ ಬಂದಿದ್ದರು. ಅವರ ಮುಂದಾಳತ್ವದಲ್ಲಿ ರೂಪುಗೊಂಡ ತರಬೇತಿ ವಿಮಾನ ಎಚ್‌ಟಿ-2, 1951ರ ಆಗಸ್ಟ್ 5ರಂದು ಹಾರಿತು. 1964ರ ಸೆಪ್ಟೆಂಬರಿನಲ್ಲಿ ಜೆಟ್ ತರಬೇತಿ ವಿಮಾನ ಕಿರಣ್ ಹಾರಿತು. ವೂಲಿಚ್‌ನಲ್ಲಿ ಕಂಡ ಜೋಡಣೆಯೇ ಇದು: ಕಾರ್ಖಾನೆಯ ಪಕ್ಕದಲ್ಲಿ ಶಾಲೆ.

ಇಲ್ಲೊಂದು ಮಾತು. 'ಸ್ಥಳೀಯ ಪ್ರತಿಭೆ' ಎಂದಾಗ ನಾವು ಜನನ ಪ್ರಮಾಣಪತ್ರ ಹುಡುಕಲು ಹೊರಡುತ್ತೇವೆ. ಘಾಟಗೆ ಮರಾಠಿ ಸೀಮೆಯವರು. 1945ರ ಸುಮಾರಿನಲ್ಲಿ ಈ ಕಾರ್ಖಾನೆಯಲ್ಲಿ ಒಂದು ವರ್ಷ ಕೆಲಸ ಮಾಡಿ, ಅಮೆರಿಕಕ್ಕೆ ಹೋಗಿ ಓದಿ, 1951ರಲ್ಲಿ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಮರಳಿದ ಸತೀಶ್ ಧವನ್ ಹುಟ್ಟಿದ್ದು ಶ್ರೀನಗರದಲ್ಲಿ. ಸ್ಥಳೀಯವಾಗಿದ್ದದ್ದು ಅವರು ಕಲಿಸಿದ ಕೊಠಡಿ, ಗಾಳಿ ಸುರಂಗ, ಅವರ ಮುಂದೆ ಕುಳಿತ ವಿದ್ಯಾರ್ಥಿಗಳು. ಊರಿನವರಿಗೆ ಕೆಲಸ ಕೊಡಿ ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಊರಿನಲ್ಲಿ ಕಲಿಸಿ ಎಂಬ ಬೇಡಿಕೆ ಅದಕ್ಕಿಂತ ಮೊದಲು ಬರಬೇಕು. ಅದನ್ನು ಕೇಳುವವರು ಕಡಿಮೆ.

ಇಷ್ಟು ಒಳ್ಳೆಯ ಆರಂಭವಿದ್ದೂ ಎಡವಿದ್ದೆಲ್ಲಿ? ಎಂಜಿನ್ನಿನಲ್ಲಿ. 1956ರಲ್ಲಿ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರನ್ನು ಕರೆಸಿ ಆರಂಭಿಸಿದ ಯುದ್ಧವಿಮಾನ ಎಚ್‌ಎಫ್-24 ಮಾರುತ್, 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಶಬ್ದದ ಎರಡು ಪಟ್ಟು ವೇಗದ ಆಸೆಯಿಂದ ಕೊರೆದ ದೇಹ ಅದು. ಅದಕ್ಕೆ ಬೇಕಿದ್ದ ಬ್ರಿಟಿಷ್ ಎಂಜಿನ್ನಿನ ಅಭಿವೃದ್ಧಿ ನಿಂತುಹೋಯಿತು. ಅದನ್ನು ಮುಂದುವರಿಸಲು ಬೇಕಾದ ಹಣ ಕೊಡಲು ನಮ್ಮ ಸರ್ಕಾರ ಒಪ್ಪಲಿಲ್ಲ. ಕೊನೆಗೆ ತಲಾ ಸುಮಾರು 21.6 ಕಿಲೋನ್ಯೂಟನ್ ನೂಕುಬಲದ ಎರಡು ಆರ್ಫಿಯಸ್ ಎಂಜಿನ್ನುಗಳನ್ನೇ ಕೂಡಿಸಿದರು. ಬೇಕಿದ್ದ ಎಂಜಿನ್ ಹಿಂಬದಿ ದಹನದೊಡನೆ ಸುಮಾರು 36 ಕಿಲೋನ್ಯೂಟನ್ ಕೊಡಬೇಕಿತ್ತು. ಮಾರುತ್ ಶಬ್ದದ ವೇಗದ ಹತ್ತಿರ ಹತ್ತಿರವೇ ಉಳಿಯಿತು. ಹಿಂಬದಿ ದಹನವನ್ನು ನಾವೇ ಮಾಡಲು ಹೊರಟಾಗ, ಅದರ ಪರೀಕ್ಷಾ ಹಾರಾಟದಲ್ಲಿ 1970ರ ಜನವರಿ 10ರಂದು ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. 147 ಮಾರುತ್‌ಗಳನ್ನು ಕಟ್ಟಲಾಯಿತು. 1971ರ ಯುದ್ಧದಲ್ಲಿ ಅವು ಚೆನ್ನಾಗಿಯೇ ಹೋರಾಡಿದವು. ಆ ಸಾಲು ಅಲ್ಲಿಗೇ ನಿಂತಿತು.

ಎರಡನೆಯ ಸಲ ನಾವೇ ಎಂಜಿನ್ ಮಾಡೋಣ ಎಂದು 1989ರಲ್ಲಿ ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ 382.81 ಕೋಟಿ ರೂಪಾಯಿ ಮಂಜೂರಾಯಿತು. ಹೆಸರು ಕಾವೇರಿ. ಗುರಿ 81 ಕಿಲೋನ್ಯೂಟನ್. ಸಿಕ್ಕದ್ದು 70ರ ಆಸುಪಾಸು. ತೂಕವೂ ಗುರಿಗಿಂತ ನೂರಕ್ಕೂ ಹೆಚ್ಚು ಕಿಲೋ ಮೀರಿತು. ಎತ್ತರದ ಗಾಳಿಯ ಸ್ಥಿತಿಯಲ್ಲಿ ಪರೀಕ್ಷಿಸಲು ಅದನ್ನು ರಷ್ಯಕ್ಕೆ ಹೊತ್ತೊಯ್ಯಬೇಕಾಯಿತು. 2010ರ ನವೆಂಬರಿನಲ್ಲಿ ಅದು ಮೊದಲ ಬಾರಿಗೆ ಆಕಾಶ ಕಂಡದ್ದು ಮಾಸ್ಕೋ ಬಳಿ, ಇಲ್ಯೂಷಿನ್-76 ವಿಮಾನದ ರೆಕ್ಕೆಯ ಕೆಳಗೆ. ಅಷ್ಟರಲ್ಲಿ, 2008ರಲ್ಲೇ, ತೇಜಸ್ ಯೋಜನೆಯಿಂದ ಅದನ್ನು ಬೇರ್ಪಡಿಸಿದ್ದರು. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ಸಿನಲ್ಲಿ ಇದ್ದದ್ದು ಅಮೆರಿಕದ ಎಂಜಿನ್. 2021ರ ಫೆಬ್ರವರಿಯಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಬೇಡಿಕೆ ಸಲ್ಲಿಸಿದರೂ, ಅವುಗಳಿಗೆ ಬೇಕಾದ ಎಂಜಿನ್ನುಗಳಲ್ಲಿ ಮೊದಲನೆಯದು ಅಮೆರಿಕದಿಂದ ಬಂದದ್ದು 2025ರ ಮಾರ್ಚಿನಲ್ಲಿ. ವಿಮಾನ ನಮ್ಮದು, ಅದು ಹಾರುವ ದಿನಾಂಕ ಇನ್ನೊಬ್ಬರದು.

ಎಂಜಿನ್ ಇಷ್ಟೇಕೆ ಕಷ್ಟ? ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಡಿ. ಟರ್ಬೈನ್ ಚಕ್ರದ ಅಂಚಿನಲ್ಲಿ ನೂರು ಗ್ರಾಮ್ ತೂಕದ ಒಂದು ಅಲಗು, ಅಕ್ಷದಿಂದ 30 ಸೆಂಟಿಮೀಟರ್ ದೂರದಲ್ಲಿದೆ. ಚಕ್ರ ನಿಮಿಷಕ್ಕೆ 12,000 ಸುತ್ತು ತಿರುಗುತ್ತಿದೆ. ಕೋನೀಯ ವೇಗ ಸೆಕೆಂಡಿಗೆ 1257 ರೇಡಿಯನ್. ವೃತ್ತದಲ್ಲಿ ಉಳಿಯಲು ಆ ಅಲಗಿಗೆ ಬೇಕಾದ ಬಲ ಸುಮಾರು 47,000 ನ್ಯೂಟನ್. ಅಂದರೆ ಅಂಗೈಯಲ್ಲಿ ಹಿಡಿಯುವ ಲೋಹದ ತುಂಡೊಂದು ಐದು ಟನ್ನಿನಷ್ಟು ಭಾರವನ್ನು ತನ್ನ ಬುಡದಲ್ಲಿ ಹೊತ್ತಿದೆ. ಅದೂ ಎಲ್ಲಿ? ಆಧುನಿಕ ಯುದ್ಧವಿಮಾನಗಳ ಎಂಜಿನ್ನುಗಳಲ್ಲಿ ಟರ್ಬೈನಿಗೆ ನುಗ್ಗುವ ಅನಿಲದ ತಾಪ 1500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಅಲಗಿನ ನಿಕ್ಕಲ್ ಮಿಶ್ರಲೋಹ ಕರಗುವುದೇ ಅದಕ್ಕಿಂತ ಕೆಳಗೆ. ಅಲಗಿನೊಳಗೆ ಕೂದಲೆಳೆಯಂಥ ಓಣಿಗಳನ್ನು ಬಿಟ್ಟು ತಂಪು ಗಾಳಿ ಹರಿಸಿ ಅದನ್ನು ಉಳಿಸಿಕೊಳ್ಳುತ್ತಾರೆ. ಆದರೂ ಕಾದ ಲೋಹ ಭಾರದ ಕೆಳಗೆ ದಿನದಿನವೂ ಚೂರುಚೂರೇ ಹಿಗ್ಗುತ್ತದೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ. ಲೋಹದ ಹರಳುಗಳ ನಡುವಿನ ಗಡಿಗಳು ಜಾರುವುದೂ ಈ ಹಿಗ್ಗುವಿಕೆಗೆ ಒಂದು ಕಾರಣ. ಆದ್ದರಿಂದ ಗಡಿಯೇ ಇಲ್ಲದಂತೆ ಇಡೀ ಅಲಗನ್ನು ಒಂದೇ ಸ್ಫಟಿಕವಾಗಿ ಬೆಳೆಸುವ ವಿದ್ಯೆ ಹುಟ್ಟಿತು. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಅಂಥ 60 ಅಲಗುಗಳನ್ನು ಹೆಲಿಕಾಪ್ಟರ್ ಎಂಜಿನ್ನಿಗೆಂದು ಎಚ್‌ಎಎಲ್‌ಗೆ ಒದಗಿಸಿದ್ದು 2021ರಲ್ಲಿ.

ಈ ವಿದ್ಯೆಯನ್ನು ಯಾವ ಕಂಪನಿಯೂ ನಕ್ಷೆಯ ಜೊತೆ ಮಾರುವುದಿಲ್ಲ. ಪರವಾನಗಿ ಒಪ್ಪಂದದಲ್ಲಿ ಬರುವುದು ಅಳತೆಗಳು. ಆ ಅಳತೆಯೇ ಯಾಕೆ ಎಂಬುದಲ್ಲ. ಸಾವಿರಾರು ತುಂಡುಗಳನ್ನು ಕಾಯಿಸಿ, ಎಳೆದು, ಒಡೆದು, ಪ್ರತಿಯೊಂದರ ಅಂಕಿಯನ್ನೂ ಮುಚ್ಚುಮರೆಯಿಲ್ಲದೆ ಬರೆದಿಟ್ಟವರಿಗೆ ಮಾತ್ರ ಅದು ಒಲಿಯುತ್ತದೆ.

ಇನ್ನು ನಮ್ಮೂರಿಗೇ ಬರುತ್ತೇನೆ. ಮೈಸೂರಿನಲ್ಲಿ ರಕ್ಷಣಾ ತಂತ್ರಜ್ಞಾನ ಎಂದರೆ ಯಾರಿಗೂ ನೆನಪಾಗದ ಒಂದು ಪದಾರ್ಥವಿದೆ: ಚಪಾತಿ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಬಂದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಿಂದ. ಹನ್ನೊಂದು ವರ್ಷದ ಮೇಲೆ, 1961ರಲ್ಲಿ, ಸೈನ್ಯಕ್ಕೆಂದೇ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಇದೇ ಊರಿನಲ್ಲಿ ಹುಟ್ಟಿತು. ಹಿಮದಲ್ಲಿ, ಮರುಭೂಮಿಯಲ್ಲಿ, ಜಲಾಂತರ್ಗಾಮಿಯಲ್ಲಿ ಇರುವ ಸೈನಿಕನಿಗೆ ಮನೆಯ ಊಟದಂಥ ಊಟ ತಿಂಗಳುಗಟ್ಟಲೆ ಕೆಡದೆ ಇರಬೇಕು. ಅಲ್ಲಿ ಸಿದ್ಧವಾದ ಚಪಾತಿ ತಿಂಗಳುಗಟ್ಟಲೆ ಉಳಿಯಿತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದ ಭಾರತೀಯ ತಿನಿಸುಗಳೂ ಇಲ್ಲಿಂದಲೇ ಹೋದವು.

ಇದರಲ್ಲಿ ಎಂಥ ವಿಜ್ಞಾನ ಎಂದು ನಗಬೇಡಿ. ಪಲಾವನ್ನು ಪದರ ಪದರದ ಚೀಲದಲ್ಲಿ ಮುಚ್ಚಿ, ಒತ್ತಡದ ಆವಿಯಲ್ಲಿ 121 ಡಿಗ್ರಿಯಷ್ಟು ಕಾಯಿಸುತ್ತಾರೆ. ಚೀಲದ ನಡುವಿನ ಅನ್ನಕ್ಕೂ ಆ ತಾಪ ಸಾಕಷ್ಟು ಹೊತ್ತು ತಲುಪಬೇಕು, ಇಲ್ಲವಾದರೆ ಬಾಟ್ಯುಲಿಸಂ ತರುವ ಜೀವಾಣುವಿನ ಬೀಜಾಣುಗಳು ಉಳಿದುಬಿಡುತ್ತವೆ. ಹೆಚ್ಚು ಹೊತ್ತು ಕಾಯಿಸಿದರೆ ಪಲಾವು ಗಂಜಿಯಾಗುತ್ತದೆ. ಉಷ್ಣವಹನದ ಸಮೀಕರಣದಂತೆ, ಬಿಸಿ ನಡುವನ್ನು ಮುಟ್ಟಲು ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಅರ್ಧವಾದರೆ ಕಾಲ ಕಾಲುಭಾಗ. ದುಂಡು ಡಬ್ಬಿಗಿಂತ ಚಪ್ಪಟೆ ಚೀಲ ಮೇಲಾಗುವುದು ಇದರಿಂದ. ಚೀಲದ ತಂತ್ರ ಹುಟ್ಟಿದ್ದು ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿ, ನಿಜ. ಆದರೆ ನಮ್ಮ ಪಲಾವು, ನಮ್ಮ ಉಪ್ಪಿಟ್ಟಿನ ಅಂಕಿಗಳು ಅಮೆರಿಕದ ಪುಸ್ತಕದಲ್ಲಿ ಇರಲಿಲ್ಲ. ಅವನ್ನು ಇಲ್ಲೇ ಅಳೆಯಬೇಕಿತ್ತು. ಸಮಸ್ಯೆ, ಕಚ್ಚಾವಸ್ತು, ಕಲಿಸುವವರು, ಪರೀಕ್ಷಿಸುವ ಸಾಧನ ಎಲ್ಲವೂ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರದಲ್ಲಿದ್ದವು, ಮಾನಸಗಂಗೋತ್ರಿಯೂ ಅಲ್ಲೇ. ಎಂಜಿನ್ನಿಗೆ ಈ ಅನುಕೂಲ ಎಂದೂ ಒದಗಲಿಲ್ಲ. ಪಲಾವಿಗೂ ಟರ್ಬೈನಿಗೂ ಹೋಲಿಕೆಯೇ ಎಂದು ನೀವು ಆಕ್ಷೇಪಿಸಬಹುದು. ಕಷ್ಟದ ಮಟ್ಟದಲ್ಲಿ ಹೋಲಿಕೆಯಿಲ್ಲ, ಒಪ್ಪಿದೆ. ಆದರೆ ಸುಲಭದ್ದನ್ನಾದರೂ ನಾವು ಪೂರ್ತಿ ಮಾಡಿದ್ದು ಹೇಗೆಂದು ನೋಡಿದರೆ, ಕಷ್ಟದ್ದರಲ್ಲಿ ಯಾವ ಕೊಂಡಿ ಕಳಚಿತ್ತೆಂದು ತಿಳಿಯುತ್ತದೆ.

ಈಗ ನಮ್ಮ ಪ್ರಯೋಗಾಲಯಗಳ ಮಾತು. ನಾನು ಪ್ರಾಕ್ಟಿಕಲ್ ಪರೀಕ್ಷೆಗೆ ಪರೀಕ್ಷಕನಾಗಿ ಹೋಗಲಾರಂಭಿಸಿ ಇಪ್ಪತ್ತೈದು ವರ್ಷ ಮೀರಿತು. ತಂತಿಯ ಯಂಗ್ ಗುಣಾಂಕ ಕಂಡುಹಿಡಿಯುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಪುಸ್ತಕದಲ್ಲಿರುವ ಉತ್ತರ ಹುಡುಗರಿಗೆ ಬಾಯಿಪಾಠ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವ ಕಲೆ ಅಣ್ಣನಿಂದ ತಮ್ಮನಿಗೆ ಬರುತ್ತದೆ. ಒಂದು ವರ್ಷ, ಒಂದು ಕಾಲೇಜಿನಲ್ಲಿ, ಒಬ್ಬ ಹುಡುಗಿ ಪುಸ್ತಕದ ಬೆಲೆಗಿಂತ ಶೇಕಡ ಮೂವತ್ತರಷ್ಟು ಕಡಿಮೆ ಉತ್ತರ ಬರೆದು, ಸ್ಕ್ರೂಗೇಜಿನ ಸೊನ್ನೆ ದೋಷ ಸರಿಯಿಲ್ಲ, ತಂತಿ ಒಂದು ಕಡೆ ತೆಳ್ಳಗಿದೆ ಎಂದು ಅಡಿಯಲ್ಲಿ ಟಿಪ್ಪಣಿ ಹಾಕಿದ್ದಳು. ಪಕ್ಕದ ಹುಡುಗನ ಉತ್ತರ ಪುಸ್ತಕದಲ್ಲಿದ್ದಂತೆಯೇ ಇತ್ತು. ನಾನು ಹುಡುಗನಿಗೆ ಪೂರ್ತಿ ಅಂಕ ಕೊಟ್ಟೆ, ಅವಳಿಗೆ ಆರು ಕಳೆದೆ. ಸಂಜೆ ಹೊರಡುವ ಮುಂಚೆ ಅದೇ ತಂತಿಯನ್ನು ನಾನೇ ಅಳೆದು ನೋಡಿದೆ. ಅವಳು ಬರೆದದ್ದು ಸರಿಯಿತ್ತು. ಅಂಕಪಟ್ಟಿ ಆಗಲೇ ಲಕೋಟೆಯೊಳಗೆ ಸೇರಿ ಅರಗು ಬಿದ್ದಿತ್ತು. ತೆರೆಸಬಹುದಿತ್ತು, ತೆರೆಸಲಿಲ್ಲ.

ಕ್ರೀಪ್ ಪರೀಕ್ಷೆಯ ಯಂತ್ರದ ಮುಂದೆ ಮೂರು ತಿಂಗಳು ಕೂತು, ಇಷ್ಟವಿಲ್ಲದ ಅಂಕಿಯನ್ನೂ ಹಾಗೆಯೇ ಬರೆಯಬೇಕಾದವರು ಅಂಥ ಹುಡುಗಿಯರೇ. ಅವರನ್ನು ನಾವು ಇಪ್ಪತ್ತನೆಯ ವಯಸ್ಸಿಗೇ ದಂಡಿಸಿ ತಿದ್ದಿಬಿಡುತ್ತೇವೆ. ಈ ರಾಜ್ಯದಲ್ಲಿ ಎಂಜಿನಿಯರಿಂಗ್ ಸೀಟುಗಳು ಎಷ್ಟಿವೆಯೆಂದು ಹೆಮ್ಮೆಯಿಂದ ಹೇಳುತ್ತೇವೆ; ಒಂದು ಸ್ಕ್ರೂಗೇಜಿಗೆ ಎಷ್ಟು ವಿದ್ಯಾರ್ಥಿಗಳೆಂದು ಯಾರೂ ಕೇಳುವುದಿಲ್ಲ. ರಕ್ಷಣಾ ಉತ್ಪಾದನೆಯ ಪ್ರಗತಿಯನ್ನೂ ವಹಿವಾಟಿನ ಕೋಟಿಗಳಲ್ಲಿ ಅಳೆಯುತ್ತೇವೆ. ತುಮಕೂರು ಜಿಲ್ಲೆಯ ಗುಬ್ಬಿಯ ಬಳಿ ಎಚ್‌ಎಎಲ್ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ತೆರೆದಾಗ ಪತ್ರಿಕೆಗಳಲ್ಲಿ ಬಂದದ್ದು ಎಕರೆ, ಕೋಟಿ, ಉದ್ಯೋಗಗಳ ಅಂಕಿ. ಸುತ್ತಲಿನ ಐಟಿಐ, ಪಾಲಿಟೆಕ್ನಿಕ್, ಪದವಿ ಕಾಲೇಜುಗಳ ಪ್ರಯೋಗಾಲಯಕ್ಕೂ ಆ ಕಾರ್ಖಾನೆಗೂ ಯಾವ ಸಂಬಂಧ ಬೆಳೆಯಬೇಕೆಂಬ ಚರ್ಚೆ ನಡೆದಿದ್ದರೆ ಘಾಟಗೆಯವರ ಕಾಲದ ಪಾಠ ನಮಗೆ ನೆನಪಿದೆ ಎನ್ನಬಹುದಿತ್ತು.

ಪದವಿ ಕಾಲೇಜಿನ ಪ್ರಯೋಗಾಲಯ ಸರಿಹೋದರೆ ಕಾವೇರಿ ಎಂಜಿನ್ ಹಾರುತ್ತದೆಂದು ನಾನು ಹೇಳುತ್ತಿಲ್ಲ. ಅರವತ್ತರ ದಶಕದಲ್ಲಿ ಹಣ ಕೊಡದ ತೀರ್ಮಾನ, ದೇಶದಲ್ಲಿ ಎತ್ತರದ ಪರೀಕ್ಷಾ ಸೌಲಭ್ಯ ಕಟ್ಟದ ತೀರ್ಮಾನ, ಇವೆಲ್ಲ ನಮ್ಮ ನಿಮ್ಮ ಕೈಯಲ್ಲಿ ಇರಲಿಲ್ಲ. ಇನ್ನು ಕೆಲವು ಅಧ್ಯಾಪಕರಿಗೆ ಆಯುಧದ ವಿಚಾರವೇ ತರಗತಿಗೆ ಬೇಡ ಎನಿಸುತ್ತದೆ. ಕೋಪನ್‌ಹೇಗನ್ನಿನಲ್ಲಿ ಉರಿದದ್ದು ಜನರ ಮನೆಗಳು ಎಂಬುದನ್ನು ನೆನೆದರೆ ಆ ಹಿಂಜರಿಕೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಟರ್ಬೈನ್ ಅಲಗು ವಿದ್ಯುತ್ ಸ್ಥಾವರದಲ್ಲೂ ತಿರುಗುತ್ತದೆ, ಚೀಲದ ಊಟ ನೆರೆ ಸಂತ್ರಸ್ತರಿಗೂ ಸಲ್ಲುತ್ತದೆ ಎಂದಷ್ಟೇ ಹೇಳಬಲ್ಲೆ.

ಕೊನೆಯದಾಗಿ, ಮಾಡಿ ನೋಡಲು ಒಂದು ಪ್ರಯೋಗ. ರೇಡಿಯೋ ರಿಪೇರಿಯವರು ಬಳಸುವ ತವರ-ಸೀಸದ ಬೆಸುಗೆ ತಂತಿ ತನ್ನಿ. ಒಳಗೆ ರಾಳವಿಲ್ಲದ್ದಾದರೆ ಒಳ್ಳೆಯದು. ಒಂದು ಮೀಟರ್ ಉದ್ದವನ್ನು ತೊಲೆಯಿಂದ ಇಳಿಬಿಟ್ಟು ಅರ್ಧ ಕಿಲೋ ತೂಕ ಕಟ್ಟಿ, ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ. ಈ ಬೆಸುಗೆ 183 ಡಿಗ್ರಿಗೆ, ಅಂದರೆ 456 ಕೆಲ್ವಿನ್‌ಗೆ ಕರಗುತ್ತದೆ. ನಮ್ಮ ಕೋಣೆಯ ತಾಪ ಸುಮಾರು 300 ಕೆಲ್ವಿನ್. ಕರಗುವ ಬಿಂದುವಿನ ಮೂರನೆಯ ಎರಡು ಭಾಗದಷ್ಟು ಕಾದಿರುವುದರಿಂದ, ಉರಿಯುವ ಎಂಜಿನ್ನಿನೊಳಗೆ ನಿಕ್ಕಲ್ ಅಲಗು ಪಡುವ ಪಾಡನ್ನೇ ಈ ತಂತಿ ಮೈಸೂರಿನ ತಂಪು ಹವೆಯಲ್ಲಿ ಪಡುತ್ತದೆ. ಪ್ರತಿ ಗಂಟೆಗೊಮ್ಮೆ ರೀಡಿಂಗ್ ತೆಗೆಸಿ, ಕಾಲ ಮತ್ತು ಉದ್ದದ ನಕ್ಷೆ ಬರೆಸಿ. ಇದರ ಉತ್ತರ ಯಾವ ಗೈಡ್ ಪುಸ್ತಕದಲ್ಲೂ ಇಲ್ಲ.

ಹಿಂದೊಮ್ಮೆ ಮಾರ್ಚ್ ತಿಂಗಳಲ್ಲಿ ಇದನ್ನು ಮಾಡಿಸಿದಾಗ ಬೆಳಗಿನ ತಂಡಕ್ಕೂ ಮಧ್ಯಾಹ್ನದ ತಂಡಕ್ಕೂ ಜಗಳವಾಯಿತು. ಅವರ ತಂತಿ ನಿಧಾನ, ಇವರದು ಜೋರು. ನೀವು ತಪ್ಪು ಓದಿದ್ದೀರಿ ಎಂದು ಇಬ್ಬರೂ ವಾದಿಸಿ ನನ್ನ ಬಳಿ ಬಂದರು. ನಾನು ಏನೂ ಹೇಳಲಿಲ್ಲ. ಮರುದಿನ ಅವರಲ್ಲೇ ಒಬ್ಬ ಬಂದು, ಸರ್, ಒಂದು ಥರ್ಮಾಮೀಟರ್ ಕೊಡಿ, ತಂತಿಯ ಪಕ್ಕ ತೂಗುಹಾಕಬೇಕು ಎಂದ. ಅಂದಹಾಗೆ ಬೆಸುಗೆಯಲ್ಲಿ ಸೀಸವಿರುತ್ತದೆ. ತಂತಿ ಮುಟ್ಟಿದ ಮೇಲೆ ಮಕ್ಕಳಿಗೆ ಕೈ ತೊಳೆಯಲು ಹೇಳಿ.